ಹಿರೇಮದ್ದಿನ ಪ್ರಮಾಣ

ಇಂಗಳೇಶ್ವರದ ಗುಡ್ಡದ ದಾರಿಯಲ್ಲಿ, ಬಿದ್ದುಹೋದ ಒಂದು ಮಣ್ಣಿನ ಗೋಡೆಯ ಬುಡಕ್ಕೆ ಆ ಗಿಡ ನಿಂತಿತ್ತು. ಮಾಘದ ಬಿಸಿಲು. ಸುತ್ತಲಿನ ಹುಲ್ಲು ಒಣಗಿ ಬೆಳ್ಳಗಾಗಿತ್ತು. ಇದೊಂದು ಮಾತ್ರ ಸೊಂಟದೆತ್ತರಕ್ಕೆ ಹಸಿರುಳಿಸಿಕೊಂಡಿತ್ತು. ಎಲೆಗಳ ಮೇಲೆ ಬೂದಿ ಉದುರಿಸಿದಂಥ ಮಸುಕು. ಎಲೆಯ ಕಂಕುಳಲ್ಲಿ ಕಾಗದದಷ್ಟು ತೆಳುವಾದ ಪುಟ್ಟ ಬುಡ್ಡೆಗಳು. ಒಂದನ್ನು ಬಿಡಿಸಿದೆ. ಒಳಗೆ ಕೆಂಪು ಮಣಿಯಂಥ ಹಣ್ಣಿತ್ತು.

ಗಿಡದ ಬುಡ ಹಿಡಿದು ಎಳೆಯಲು ಹೋದವನನ್ನು ಜೊತೆಗಿದ್ದ ಹಿರಿಯರು ತಡೆದರು. ಊರಲ್ಲಿ ಎಲ್ಲರೂ ಅವರನ್ನು ಮುತ್ಯಾ ಎಂದೇ ಕರೆಯುತ್ತಾರೆ.

“ಹಂಗ ಜಗ್ಗಬ್ಯಾಡ ತಮ್ಮಾ, ಬೇರ ಹರಿತೈತಿ. ಮೊದ್ಲ ಬುಡಾ ಸಡಲ ಮಾಡು.”

ಅವರೇ ಕುಳಿತು ಕುರಪಿಯಿಂದ ಸುತ್ತ ಮಣ್ಣು ಬಿಡಿಸಿದರು. ಗೇಣುದ್ದಕ್ಕೂ ಹೆಚ್ಚಿನ, ಕಿರುಬೆರಳು ದಪ್ಪದ ಬೇರು ಇಡಿಯಾಗಿ ಮೇಲೆ ಬಂತು. ಮಣ್ಣು ಒರೆಸಿ ನನ್ನ ಮೂಗಿನ ಬಳಿ ಹಿಡಿದರು. ಬೆವೆತ ಕುದುರೆಯ ಮೈಯ ವಾಸನೆ. ಸಂಸ್ಕೃತದವರು ಇದಕ್ಕೆ ಅಶ್ವಗಂಧ ಎಂದು ಏಕೆ ಹೆಸರಿಟ್ಟರೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಮನೆಗೆ ಬಂದ ಮೇಲೆ ಮುತ್ಯಾ ಅರಿವೆಯ ಗಂಟಿನಿಂದ ಹಿಂದಿನ ವರ್ಷ ಒಣಗಿಸಿಟ್ಟ ಬೇರೊಂದನ್ನು ತೆಗೆದು ಮುರಿದರು. ಅದು ಟಕ್ಕನೆ ಮುರಿಯಿತು. ಒಳಗೆ ಜೋಳದ ಹಿಟ್ಟಿನಂಥ ಬಿಳುಪು.

“ಎಷ್ಟು ತಗೋಬೇಕ್ರಿ ಮುತ್ಯಾ?” ಎಂದೆ.

“ಅದನ್ನ ಮೊದ್ಲ ಕೇಳಬೇಕ ನೋಡು. ಪುಡಿ ಮಾಡಿ ಮೂರ ಬಳ್ಳಿನ್ಯಾಗ ಹಿಡದಷ್ಟು. ಹಾಲಿನ್ಯಾಗ ಕುದಸಿ ಕುಡೀಬೇಕು. ಒಂದ ಮಂಡಲ ಆದ ಮ್ಯಾಲ ಬಿಡಬೇಕು. ಬಸರ ಹೆಣ್ಣಮಕ್ಕಳಿಗಿ ಕೊಡಾಂಗಿಲ್ಲ.”

ಮೂರು ನಾಲ್ಕು ಮಾತಿನಲ್ಲಿ ಅವರು ಎಷ್ಟು, ಯಾವುದರ ಜೊತೆ, ಎಷ್ಟು ದಿನ, ಯಾರಿಗೆ ಬೇಡ ಎಂಬ ನಾಲ್ಕನ್ನೂ ಹೇಳಿ ಮುಗಿಸಿದ್ದರು. ಇವತ್ತು ಅಶ್ವಗಂಧದ ಗುಳಿಗೆ ನುಂಗುವ ಲಕ್ಷಾಂತರ ಜನರಲ್ಲಿ ಈ ನಾಲ್ಕನ್ನೂ ಕೇಳಿ ನುಂಗುವವರು ಎಷ್ಟು ಮಂದಿ ಎಂದು ಆ ದಿನದಿಂದ ಯೋಚಿಸುತ್ತಿದ್ದೇನೆ.

ಕನ್ನಡದಲ್ಲಿ ‘ಪ್ರಮಾಣ’ ಎಂಬ ಒಂದೇ ಮಾತಿಗೆ ಮೂರು ಅರ್ಥಗಳಿವೆ. ಒಂದು, ಅಳತೆ. ಎರಡು, ಸಾಕ್ಷ್ಯ. ಮೂರು, ಆಣೆ. ಒಂದು ಬೇರು ಮದ್ದಾಗಬೇಕಾದರೆ ಈ ಮೂರೂ ಬೇಕು ಎಂಬುದು ನನ್ನ ನಂಬಿಕೆ. ಈ ಗಿಡದ ಮೇಲೆ ನಡೆದ ಸಂಶೋಧನೆಯ ಕಥೆಯನ್ನು ಅದೇ ಮಾತಿನ ಜಾಡಿನಲ್ಲಿ ಹೇಳುತ್ತೇನೆ.

ಬದನೆಯ ಬಂಧು

ಕನ್ನಡದಲ್ಲಿ ಅಶ್ವಗಂಧಕ್ಕೆ ಹಿರೇಮದ್ದು ಎಂದೂ ಅಂಗರಬೇರು ಎಂದೂ ಹೆಸರಿದೆ. ಯುನಾನಿ ಹಕೀಮರು ಅಸಗಂಧ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ವಿಥಾನಿಯಾ ಸೋಮ್ನಿಫೆರಾ. 1753ರಲ್ಲಿ ಲಿನೇಯಸ್ ಇದನ್ನು ಬುಡ್ಡೆಹಣ್ಣಿನ ಕುಲಕ್ಕೆ ಸೇರಿಸಿ ‘ಸೋಮ್ನಿಫೆರಾ’ ಎಂದು ಕರೆದ. ನಿದ್ದೆ ತರುವಂಥದ್ದು ಎಂದು ಅದರ ಅರ್ಥ. ಮುಂದೆ ಇದಕ್ಕೆ ಬೇರೆಯೇ ಕುಲ ಕೊಟ್ಟಾಗಲೂ ನಿದ್ದೆಯ ಹೆಸರು ಉಳಿಯಿತು.

ಬದನೆ, ಟೊಮೆಟೊ, ಮೆಣಸಿನಕಾಯಿ, ತಂಬಾಕು ಇವೆಲ್ಲ ಇದರ ದಾಯಾದಿಗಳು. ಬದನೆಯ ಎಲೆಯನ್ನು ಜರಡಿ ಮಾಡುವ ಚುಕ್ಕೆ ಹುಳ ಇದರ ಎಲೆಯನ್ನೂ ಬಿಡುವುದಿಲ್ಲ. ಹಾಳುಬಿದ್ದ ಗೋಡೆ, ಹೊಲದ ಒಡ್ಡು, ಮಡ್ಡಿ ನೆಲ, ಊರ ಹೊರಗಿನ ಖಾಲಿ ಜಾಗ ಇದರ ವಾಸ. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆ ಮಳೆ ಕೈಕೊಟ್ಟ ವರ್ಷದಲ್ಲೂ ಹಸಿರು ಬಿಡದ ಗಿಡ ಇದು.

ಇಂಗಳೇಶ್ವರ ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರು ಎಂದು ಈ ಸೀಮೆ ನಂಬಿಕೊಂಡು ಬಂದಿದೆ. ವಚನಗಳನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸಿದ ವಚನ ಶಿಲಾಮಂಟಪ ಇಲ್ಲಿದೆ. ಶರಣರ ಸಾಲಿನಲ್ಲಿ ವೈದ್ಯ ಸಂಗಣ್ಣ ಎಂಬ ವಚನಕಾರನಿದ್ದ. ಮದ್ದು ಅರೆಯುವ ಕಾಯಕವನ್ನೇ ಅವನು ಅನುಭಾವದ ಭಾಷೆಯನ್ನಾಗಿ ಮಾಡಿಕೊಂಡ. ಅದೇ 12ನೇ ಶತಮಾನದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಜಗದ್ದಳ ಸೋಮನಾಥ ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವಾಗಿ ಕನ್ನಡಕ್ಕೆ ತಂದ. ನಾಲ್ಕು ಶತಮಾನ ದಾಟಿದರೆ, ಇಲ್ಲೇ ಪಕ್ಕದ ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನಕ್ಕೆ 1589ರಲ್ಲಿ ಬಂದು ಸೇರಿದ ಫರಿಶ್ತಾ ಸಿಗುತ್ತಾನೆ. ಇತಿಹಾಸಕಾರನೆಂದೇ ಹೆಸರಾದ ಅವನು ಭಾರತೀಯ ವೈದ್ಯ ಪದ್ಧತಿಯನ್ನು ಪಾರ್ಸಿಯಲ್ಲಿ ವಿವರಿಸುವ ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥವನ್ನೂ ಬರೆದ. ಒಂದು ಭಾಷೆಯ ಮದ್ದಿನ ಅರಿವನ್ನು ಇನ್ನೊಂದು ಭಾಷೆಗೆ ದಾಟಿಸುವ ಕೆಲಸ ಈ ನೆಲಕ್ಕೆ ಹೊಸದಲ್ಲ. ಇಂದಿನ ಪ್ರಯೋಗಾಲಯಗಳು ಮಾಡುತ್ತಿರುವುದೂ ಅಂಥದೇ ದಾಟಿಸುವಿಕೆ. ಬೇರಿನ ಅರಿವನ್ನು ಅವು ಅಂಕಿಯ ಭಾಷೆಗೆ ತರುತ್ತಿವೆ.

ಚರಕಸಂಹಿತೆ ಅಶ್ವಗಂಧವನ್ನು ಬಲ ಕೊಡುವ, ಮೈ ತುಂಬಿಸುವ ದ್ರವ್ಯಗಳ ಗುಂಪಿನಲ್ಲಿ ಇಡುತ್ತದೆ. ಕಾಯಿಲೆಯಿಂದ ಎದ್ದವರಿಗೆ, ಸೊರಗಿದವರಿಗೆ, ನಿದ್ದೆ ಬಾರದವರಿಗೆ ಬೇರಿನ ಪುಡಿಯನ್ನು ಹಾಲು ತುಪ್ಪದೊಡನೆ ಕೊಡುವ ರೂಢಿ ಇದೆ. ಭಾರತೀಯ ಆಯುರ್ವೇದ ಫಾರ್ಮಕೋಪಿಯಾ ಹೇಳುವ ಅಳತೆ ದಿನಕ್ಕೆ 3ರಿಂದ 6 ಗ್ರಾಂ ಪುಡಿ. ಮುತ್ಯಾನ ಮೂರು ಬೆರಳಿನ ಚಿಟಿಕೆ ಇದನ್ನು ಮೀರುವುದಿಲ್ಲ.

ಜಿನ್ಸೆಂಗ್‌ನ ನೆಂಟಸ್ತಿಕೆ

ಅಂಗಡಿಯ ಡಬ್ಬಿಗಳ ಮೇಲೆ ‘ಭಾರತದ ಜಿನ್ಸೆಂಗ್’ ಎಂದು ಬರೆದಿರುತ್ತದೆ. ಸಸ್ಯಗಳ ವಂಶಾವಳಿ ನೋಡಿದರೆ ಇವೆರಡಕ್ಕೂ ಸಂಬಂಧವೇ ಇಲ್ಲ. ಜಿನ್ಸೆಂಗ್ ಚೀನಾ, ಕೊರಿಯಾದ ತಂಪು ಕಾಡುಗಳ ನೆರಳಿನ ಗಿಡ. ಅದರ ಬೇರು ಬಲಿಯಲು ಐದಾರು ವರ್ಷ ಬೇಕು. ಅಶ್ವಗಂಧ ಬಿಸಿಲಿನ ಗಿಡ, ಐದಾರು ತಿಂಗಳಲ್ಲಿ ಬೇರು ಕೊಡುತ್ತದೆ. ಜಿನ್ಸೆಂಗ್‌ನ ಸತ್ವಕ್ಕೆ ಜಿನ್ಸೆನೋಸೈಡ್ ಎನ್ನುತ್ತಾರೆ, ಅಶ್ವಗಂಧದ್ದಕ್ಕೆ ವಿಥನೋಲೈಡ್. ಎರಡಕ್ಕೂ ಸಮಾನವಾದದ್ದು ಜನರ ನಂಬಿಕೆ. ಜಿನ್ಸೆಂಗ್‌ಗೆ ಲಿನೇಯಸ್ ಕೊಟ್ಟ ‘ಪ್ಯಾನಾಕ್ಸ್’ ಎಂಬ ಹೆಸರಿನ ಮೂಲದಲ್ಲಿ ಎಲ್ಲವನ್ನೂ ಗುಣಪಡಿಸುವ ಮದ್ದು ಎಂಬ ಗ್ರೀಕ್ ಮಾತಿದೆ. ನಮ್ಮವರು ಈ ಬೇರನ್ನು ಹಿರೇಮದ್ದು ಎಂದರು. ದೂರದೂರದ ಎರಡು ನಾಡಿನ ಜನ ಒಂದೊಂದು ಬೇರಿಗೆ ಒಂದೇ ಗೌರವ ಕೊಟ್ಟರು.

ಆ ಗೌರವವನ್ನು ವಿಜ್ಞಾನದ ಪ್ರಶ್ನೆಯಾಗಿ ಮಾಡಿದವರು ಸೋವಿಯತ್ ವಿಜ್ಞಾನಿಗಳು. ಹ್ಯಾನ್ಸ್ ಸೆಲ್ಯೆ 1936ರಲ್ಲಿ ಒಂದು ಸಂಗತಿ ತೋರಿಸಿದ್ದ. ಚಳಿ, ಗಾಯ, ವಿಷ, ಅತಿಯಾದ ದುಡಿಮೆ ಹೀಗೆ ಪೆಟ್ಟು ಯಾವುದೇ ಇರಲಿ, ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ. ಇಂದು ಊರ ಕಟ್ಟೆಯ ಮೇಲೂ ಕೇಳಿಬರುವ ‘ಸ್ಟ್ರೆಸ್’ ಎಂಬ ಮಾತು ವೈದ್ಯಕೀಯಕ್ಕೆ ಬಂದದ್ದು ಆ ದಾರಿಯಿಂದ. ಪೆಟ್ಟು ಬೇರೆ ಬೇರೆಯಾದರೂ ಪ್ರತಿಕ್ರಿಯೆ ಒಂದೇ ಆದರೆ, ಎಲ್ಲ ಪೆಟ್ಟಿಗೂ ತಡೆಯುವ ಶಕ್ತಿ ಕೊಡುವ ಒಂದು ಮದ್ದು ಇರಬಹುದಲ್ಲವೇ? 1947ರಲ್ಲಿ ನಿಕೊಲಾಯ್ ಲಾಜರೆವ್ ಅಂಥ ಮದ್ದಿಗೆ ‘ಅಡಾಪ್ಟೋಜೆನ್’ ಎಂದು ಹೆಸರಿಟ್ಟ. ಹೊಂದಿಕೊಳ್ಳಲು ನೆರವಾಗುವಂಥದ್ದು ಎಂದು ಅರ್ಥ. ವ್ಲಾಡಿವೊಸ್ಟಾಕ್‌ನ ಇಸ್ರೇಲ್ ಬ್ರೆಖ್ಮನ್ ಜಿನ್ಸೆಂಗ್ ಮೇಲೂ, ಅದಕ್ಕಿಂತ ಅಗ್ಗವಾಗಿ ಸಿಗುವ ಸೈಬೀರಿಯಾದ ಎಲ್ಯೂಥೆರೊ ಗಿಡದ ಮೇಲೂ ವರ್ಷಗಟ್ಟಲೆ ದುಡಿದ. 1969ರಲ್ಲಿ ಡಾರ್ಡಿಮೊವ್ ಜೊತೆ ಬರೆದ ಪ್ರಬಂಧದಲ್ಲಿ ಇಂಥ ಮದ್ದಿನ ಲಕ್ಷಣಗಳನ್ನು ಹೇಳಿದ. ಅದು ದೇಹಕ್ಕೆ ಕೇಡು ಮಾಡಬಾರದು. ಒಂದೇ ರೋಗಕ್ಕಲ್ಲದೆ ಹಲವು ಬಗೆಯ ಪೆಟ್ಟಿಗೆ ತಡೆ ಕೊಡಬೇಕು. ಏರಿದ್ದನ್ನು ಇಳಿಸಿ, ಇಳಿದದ್ದನ್ನು ಏರಿಸಿ ದೇಹವನ್ನು ಸಮಸ್ಥಿತಿಗೆ ತರಬೇಕು.

ಬರದ ಸೀಮೆಯವರಿಗೆ ಈ ವಿಚಾರ ಬೇಗ ತಿಳಿಯುತ್ತದೆ. ಮಳೆ ಹೋದಾಗ ಮನೆಯ ಯಜಮಾನ ಏನು ಮಾಡುತ್ತಾನೆ? ಹಗೇವಿನ ಜೋಳ ತೆಗೆಯುತ್ತಾನೆ, ಖರ್ಚು ಬಿಗಿ ಮಾಡುತ್ತಾನೆ, ಮದುವೆ ಮುಂದೂಡುತ್ತಾನೆ. ಒಂದು ವರ್ಷದ ಮಟ್ಟಿಗೆ ಇದು ಜಾಣತನ. ಮಳೆ ಬಂದ ಮೇಲೂ ಅದೇ ಬಿಗಿಯಲ್ಲಿ ಬದುಕಿದರೆ ಮನೆ ಸೊರಗುತ್ತದೆ. ದೇಹದ್ದೂ ಹೀಗೆಯೇ. ಪೆಟ್ಟು ಬಿದ್ದಾಗ ಮೆದುಳಿನ ಹೈಪೊಥಲಾಮಸ್‌ನಿಂದ ಪಿಟ್ಯುಟರಿಗೆ, ಅಲ್ಲಿಂದ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಸಂದೇಶ ಹೋಗುತ್ತದೆ. ಕಾರ್ಟಿಸೋಲ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ದೇಹ ಕೂಡಿಟ್ಟ ಶಕ್ತಿಯನ್ನು ಹೊರತೆಗೆಯುತ್ತದೆ. ಪೆಟ್ಟು ಕಳೆದ ಮೇಲೂ ಕಾರ್ಟಿಸೋಲ್ ಇಳಿಯದಿದ್ದರೆ ನಿದ್ದೆ ಕೆಡುತ್ತದೆ, ಸಕ್ಕರೆ ಏರುತ್ತದೆ, ಮನಸ್ಸು ಕುದಿಯುತ್ತದೆ. ಈ ಬಿಗಿಯನ್ನು ಸಡಿಲಿಸುವ ಗುಣ ಅಶ್ವಗಂಧಕ್ಕಿದೆಯೇ ಎಂಬುದು ವಿಜ್ಞಾನಿಗಳ ಮುಂದಿನ ಪ್ರಶ್ನೆ.

ಸಾಕ್ಷ್ಯ ಹುಡುಕಿದವರು

ಮೊದಲ ಸುಳಿವುಗಳು ಎಲೆಯಿಂದ ಬಂದವು. 1956ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪಿ.ಎ. ಕುರುಪ್ ಈ ಗಿಡದ ಎಲೆಯಲ್ಲಿ ರೋಗಾಣುಗಳನ್ನು ತಡೆಯುವ ಅಂಶವಿದೆ ಎಂದು ಬರೆದರು. 1960ರ ದಶಕದಲ್ಲಿ ಇಸ್ರೇಲಿನ ಡೇವಿಡ್ ಲಾವಿ ಮತ್ತು ಸಂಗಡಿಗರು ‘ವಿಥಾಫೆರಿನ್ ಎ’ ಎಂಬ ರಾಸಾಯನಿಕದ ರಚನೆಯನ್ನು ಬಿಡಿಸಿದರು. ಬೇರೆ ಬೇರೆ ನೆಲದಲ್ಲಿ ಬೆಳೆದ ಗಿಡಗಳಲ್ಲಿ ಬೇರೆ ಬೇರೆ ವಿಥನೋಲೈಡುಗಳಿರುತ್ತವೆ ಎಂಬುದನ್ನೂ ಅವರು ಕಂಡರು. ಇದು ಸಣ್ಣ ಸಂಗತಿಯಲ್ಲ. ಹೆಸರು ಒಂದೇ, ಎಲೆ ಒಂದೇ, ಹೂವು ಒಂದೇ ಆದರೂ ಒಳಗಿನ ಮದ್ದು ಬೇರೆ ಇರಬಹುದು. ‘ಅಶ್ವಗಂಧ ಕೆಲಸ ಮಾಡುತ್ತದೆಯೇ’ ಎಂದು ಕೇಳುವ ಮೊದಲು ‘ಯಾವ ಅಶ್ವಗಂಧ’ ಎಂದು ಕೇಳಬೇಕು.

ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಭಟ್ಟಾಚಾರ್ಯ ಅವರ ತಂಡ ಇಲಿಗಳನ್ನು ದಿನದಿನವೂ ಒತ್ತಡಕ್ಕೆ ಒಡ್ಡಿ, ಅಶ್ವಗಂಧ ಕೊಟ್ಟಾಗ ಅವುಗಳ ದೇಹ ಹೇಗೆ ತಾಳಿಕೊಳ್ಳುತ್ತದೆ ಎಂದು ಅಳೆಯಿತು. ಆದರೆ ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲೂ ನಿಜವಾಗಬೇಕೆಂದಿಲ್ಲ.

ಮನುಷ್ಯರ ಮೇಲಿನ ಕಟ್ಟುನಿಟ್ಟಾದ ಆರಂಭದ ಪರೀಕ್ಷೆಗಳಲ್ಲಿ ಒಂದು ನಮ್ಮ ಬೆಂಗಳೂರಿನದು. ನಿಮ್ಹಾನ್ಸ್‌ನ ಚಿತ್ತರಂಜನ್ ಆಂದ್ರಾದೆ ಮತ್ತು ಸಂಗಡಿಗರು ಆತಂಕದ ಕಾಯಿಲೆಯಿದ್ದ 39 ಜನರನ್ನು ಎರಡು ಗುಂಪು ಮಾಡಿ, 20 ಜನಕ್ಕೆ ಅಶ್ವಗಂಧದ ಸಾರ, 19 ಜನಕ್ಕೆ ಅದರಂತೆಯೇ ಕಾಣುವ ಹುಸಿಮದ್ದು ಕೊಟ್ಟರು. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿರಲಿಲ್ಲ, ನೋಡುವ ವೈದ್ಯರಿಗೂ ಗೊತ್ತಿರಲಿಲ್ಲ. ಆರು ವಾರದ ಕೊನೆಗೆ ಲೆಕ್ಕಕ್ಕೆ ಸಿಕ್ಕವರಲ್ಲಿ, ಮೊದಲೇ ನಿಗದಿ ಮಾಡಿದ ಮಟ್ಟಕ್ಕೆ ಸುಧಾರಿಸಿದವರು ಅಶ್ವಗಂಧದ ಗುಂಪಿನಲ್ಲಿ ಶೇ 88.2, ಹುಸಿಮದ್ದಿನ ಗುಂಪಿನಲ್ಲಿ ಶೇ 50. ಈ ಫಲಿತಾಂಶ 2000ನೇ ಇಸವಿಯಲ್ಲಿ ಭಾರತೀಯ ಮನೋವೈದ್ಯರ ಪತ್ರಿಕೆಯಲ್ಲಿ ಪ್ರಕಟವಾಯಿತು.

ಎರಡನೆಯ ಅಂಕಿಯ ಬಳಿ ಸ್ವಲ್ಪ ನಿಲ್ಲಬೇಕು. ಮದ್ದೇ ಇಲ್ಲದ ಗುಳಿಗೆ ನುಂಗಿದವರಲ್ಲೂ ಅರ್ಧ ಜನ ಸುಧಾರಿಸಿದ್ದರು. ‘ನಾ ತಗೊಂಡೆ, ನನಗ ಆರಾಮಾತು’ ಎಂಬ ಮಾತು ಸುಳ್ಳಲ್ಲ. ಆದರೆ ಆರಾಮ ಕೊಟ್ಟದ್ದು ಬೇರೋ, ಕಳೆದ ಕಾಲವೋ, ವೈದ್ಯರು ಕೂರಿಸಿ ಮಾತು ಕೇಳಿದ ಸಮಾಧಾನವೋ ಎಂಬುದನ್ನು ಒಬ್ಬರ ಅನುಭವ ಹೇಳಲಾರದು. ಹುಸಿಮದ್ದಿನ ಗುಂಪನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಾಗಲೇ ಅದು ತಿಳಿಯುತ್ತದೆ.

ಮುಂದಿನ ದೊಡ್ಡ ಸುದ್ದಿ 2012ರಲ್ಲಿ ಬಂತು. ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ, 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವನ್ನು ಆರಂಭಿಸಿದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಮನುಷ್ಯರ ಅಲ್ಝೈಮರ್ ಕಾಯಿಲೆಯನ್ನು ಹೋಲುವಂತೆ ಮಾರ್ಪಡಿಸಿದ ಇಲಿಗಳು, ಅವುಗಳಿಗೆ 30 ದಿನ ಬಾಯಿಯ ಮೂಲಕ ಅಶ್ವಗಂಧ ಬೇರಿನ ಸಾರ. ಇಲಿಗಳ ನೆನಪು ಸುಧಾರಿಸಿತು. ಮೆದುಳಿನಲ್ಲಿ ಗಡ್ಡೆಗಟ್ಟಿದ್ದ ಅಮಿಲಾಯ್ಡ್ ಎಂಬ ಪದಾರ್ಥ ಇಳಿಯಿತು.

ಅಚ್ಚರಿಯೆಂದರೆ ಮದ್ದಿನ ಕೆಲಸ ನಡೆದದ್ದು ಯಕೃತ್ತಿನಲ್ಲಿ. ರಕ್ತದಲ್ಲಿ ಬರುವ ಅಮಿಲಾಯ್ಡನ್ನು ಹಿಡಿದು ಹೊರಹಾಕುವ ಒಂದು ಪ್ರೋಟೀನು ಅಲ್ಲಿ ಹೆಚ್ಚಾಗಿತ್ತು. ರಕ್ತ ತಿಳಿಯಾದಂತೆ ಮೆದುಳಿನ ಅಮಿಲಾಯ್ಡ್ ರಕ್ತಕ್ಕೆ ಹರಿದು ಬರುತ್ತಿತ್ತು. ಯಕೃತ್ತಿನಲ್ಲಿ ಆ ಪ್ರೋಟೀನನ್ನು ತಡೆದಾಗ ಮದ್ದಿನ ಫಲವೂ ಇಲ್ಲವಾಯಿತು. ಊರ ಮುಂದಿನ ಕಾಲುವೆಯ ಹೂಳು ತೆಗೆದರೆ ಹಿತ್ತಲಲ್ಲಿ ನಿಂತ ನೀರು ತಾನೇ ಇಳಿಯುತ್ತದಲ್ಲ, ಹಾಗೆ. ಇದು ಇಲಿಯಲ್ಲಿ ಕಂಡ ಸತ್ಯ. ಮರೆವಿನ ಕಾಯಿಲೆಯ ಹಿರಿಯರಿಗೆ ಅಶ್ವಗಂಧ ಮದ್ದು ಎಂದು ಇದರಿಂದ ಹೇಳಲಾಗದು. ಆದರೂ ಒಂದು ಬೇರನ್ನು ಹೇಗೆ ಪ್ರಶ್ನೆ ಕೇಳಬೇಕು ಎಂಬುದಕ್ಕೆ ಈ ಸಂಶೋಧನೆ ನನಗೆ ಮಾದರಿಯಾಗಿ ಕಾಣುತ್ತದೆ.

ಅದೇ 2012ರಲ್ಲಿ ಹೈದರಾಬಾದಿನಲ್ಲಿ ಒತ್ತಡದಿಂದ ಬಳಲುವ 64 ಜನರ ಮೇಲೆ 60 ದಿನ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ದಿನಕ್ಕೆ ಎರಡು ಬಾರಿ 300 ಮಿಲಿಗ್ರಾಂ ಬೇರಿನ ಸಾರ. ಅಶ್ವಗಂಧದ ಗುಂಪಿನಲ್ಲಿ ಕಾರ್ಟಿಸೋಲ್ ಶೇ 27.9ರಷ್ಟು ಇಳಿಯಿತು, ಹುಸಿಮದ್ದಿನ ಗುಂಪಿನಲ್ಲಿ ಶೇ 7.9ರಷ್ಟು. ನಂತರ ನಿದ್ದೆ, ಆತಂಕ, ಸ್ನಾಯುಬಲದ ಮೇಲೆ 50, 57, 60 ಜನರ ಪರೀಕ್ಷೆಗಳು ಸಾಲಾಗಿ ಬಂದವು. ಬಹುಪಾಲು ಎಂಟರಿಂದ ಹತ್ತು ವಾರದವು. ಮುತ್ಯಾ ಹೇಳಿದ ಒಂದು ಮಂಡಲ ಎಂದರೆ 48 ದಿನ, ಸುಮಾರು ಏಳು ವಾರ. ಊರಿನ ರೂಢಿಯೂ ಪ್ರಯೋಗಾಲಯದ ಅವಧಿಯೂ ಇಷ್ಟು ಹತ್ತಿರ ಬಂದು ನಿಲ್ಲುವುದು ನನಗೆ ಸಂತೋಷ ಕೊಡುತ್ತದೆ.

2017ರಲ್ಲಿ ಜಪಾನಿನ ತ್ಸುಕುಬಾದ ವಿಜ್ಞಾನಿಗಳು ಅಶ್ವಗಂಧದ ಎಲೆಯಲ್ಲಿರುವ ಟ್ರೈಎಥಿಲೀನ್ ಗ್ಲೈಕಾಲ್ ಎಂಬ ಸರಳ ರಾಸಾಯನಿಕ ಇಲಿಗಳಿಗೆ ನಿದ್ದೆ ತರುತ್ತದೆ ಎಂದು ತೋರಿಸಿದರು. ಎಲ್ಲರೂ ವಿಥನೋಲೈಡಿನ ಬೆನ್ನು ಹತ್ತಿದ್ದಾಗ ನಿದ್ದೆಯ ಗುಟ್ಟಿಗೆ ಬೇರೊಂದು ದಾರಿ ಸಿಕ್ಕಿತು. ಲಿನೇಯಸ್ ಕೊಟ್ಟ ಹೆಸರು ಸುಮ್ಮನೆ ಉಳಿದುಬಂದದ್ದಲ್ಲ ಎನಿಸುತ್ತದೆ.

ಸಾಕ್ಷ್ಯದ ತೂಕ

ಇಷ್ಟೆಲ್ಲ ಇದ್ದ ಮೇಲೆ ಅಶ್ವಗಂಧ ಗೆದ್ದಿತು ಎನ್ನಬಹುದೇ? ಹಾಗೆ ಹೇಳುವ ಕಾಲ ಇನ್ನೂ ಬಂದಿಲ್ಲ. ಪರೀಕ್ಷೆಗಳಲ್ಲಿ ಬಹುತೇಕ ಸಣ್ಣವು, ಕೆಲವೇ ವಾರದವು. ಹಲವಕ್ಕೆ ಸಾರ ಒದಗಿಸಿದವರು ಅದನ್ನು ತಯಾರಿಸಿ ಮಾರುವವರೇ. ಒಂದು ಪರೀಕ್ಷೆ ಬಳಸಿದ ಸಾರ ಇನ್ನೊಂದರದ್ದಲ್ಲ. 2022ರಲ್ಲಿ ಮನೋವೈದ್ಯರ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಆತಂಕದ ಕಾಯಿಲೆಗೆ ಅಶ್ವಗಂಧ ಬೇರಿನ ಸಾರವನ್ನು ತಾತ್ಕಾಲಿಕವಾಗಿ ಶಿಫಾರಸು ಮಾಡಿತು. ‘ತಾತ್ಕಾಲಿಕ’ ಎಂಬ ಆ ಮಾತಿನಲ್ಲಿ ಪ್ರಾಮಾಣಿಕತೆ ಇದೆ. ಪ್ರಾಮಾಣಿಕತೆ ಎಂಬ ಮಾತೂ ಪ್ರಮಾಣದಿಂದಲೇ ಹುಟ್ಟಿದ್ದು.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೇಡಿನ ಸಾಕ್ಷ್ಯವನ್ನೂ ಇಡಬೇಕು. 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು ಅಶ್ವಗಂಧದ ಗುಳಿಗೆ ತೆಗೆದುಕೊಂಡ ಐವರಲ್ಲಿ ಕಾಮಾಲೆ ಕಾಣಿಸಿಕೊಂಡದ್ದನ್ನು ವರದಿ ಮಾಡಿದರು. ಐವರೂ ಗುಣವಾದರು. 2023ರಲ್ಲಿ ಭಾರತದ ಯಕೃತ್ ತಜ್ಞರೂ ಇಂಥ ಪ್ರಕರಣಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಮೊದಲೇ ಯಕೃತ್ತಿನ ಕಾಯಿಲೆ ಇದ್ದವರಲ್ಲಿ ಅಪಾಯ ಹೆಚ್ಚು ಎಂಬುದು ಅದರಲ್ಲಿ ಕಂಡಿತು. ಅದೇ ವರ್ಷ ಡೆನ್ಮಾರ್ಕ್ ಆಹಾರ ಪದಾರ್ಥಗಳಲ್ಲಿ ಅಶ್ವಗಂಧವನ್ನು ನಿಷೇಧಿಸಿತು. ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನುಗಳ ಮೇಲಿನ ಪರಿಣಾಮ, ಗರ್ಭಕ್ಕೆ ಆಗಬಹುದಾದ ತೊಂದರೆ ಅಲ್ಲಿನ ಆತಂಕಗಳಾಗಿದ್ದವು. ಈ ನಿಷೇಧವನ್ನು ನಮ್ಮ ದೇಶದ ತಜ್ಞರು ಒಪ್ಪಲಿಲ್ಲ. ಬೇರಿನ ಬಳಕೆಗೂ ಎಲೆಯ ಬಳಕೆಗೂ ವ್ಯತ್ಯಾಸ ಮಾಡಬೇಕೆಂಬುದು ಅವರ ವಾದ. ಆ ವಾದದಲ್ಲಿ ಹುರುಳಿದೆ. ವಿಥಾಫೆರಿನ್ ಎ ಎಲೆಯಲ್ಲಿ ಹೆಚ್ಚು, ಅದು ಜೀವಕೋಶವನ್ನು ಕೊಲ್ಲಬಲ್ಲ ಬಲವಾದ ರಾಸಾಯನಿಕ. ಶಾಸ್ತ್ರವೂ ರೂಢಿಯೂ ಹೊಟ್ಟೆಗೆ ಹೇಳಿದ್ದು ಬೇರನ್ನು. ಎಲೆ ಸುಲಭವಾಗಿ, ಅಗ್ಗವಾಗಿ ಸಿಗುತ್ತದೆ ಎಂದು ಬೇರಿನೊಡನೆ ಅದನ್ನೂ ಬೆರೆಸುವ ಚಾಳಿ ಹುಟ್ಟಿತು. 2021ರಲ್ಲಿ ಆಯುಷ್ ಸಚಿವಾಲಯವೇ ಎಲೆ ಬಳಸಬಾರದೆಂದು ತಯಾರಕರಿಗೆ ಸೂಚನೆ ಕೊಡಬೇಕಾಯಿತು. ಇಂಗಳೇಶ್ವರದ ಮುತ್ಯಾನಿಗೆ ಎಲೆ ಬೇರೆ, ಬೇರು ಬೇರೆ ಎಂದು ಹೇಳಲು ಸಚಿವಾಲಯದ ಅಗತ್ಯವಿರಲಿಲ್ಲ.

ಇದು ನಮ್ಮ ಮನೆಗೂ ಬಂದ ಸಂಗತಿ. ನನ್ನ ಚಿಗವ್ವನಿಗೆ ಥೈರಾಯ್ಡ್ ಕಡಿಮೆ ಇದ್ದು, ವರ್ಷಗಳಿಂದ ಬೆಳಿಗ್ಗೆ ಗುಳಿಗೆ ತೆಗೆದುಕೊಳ್ಳುತ್ತಾಳೆ. ಸುಸ್ತು ಹೋಗಲಿ ಎಂದು ಯಾರೋ ಹೇಳಿದ ಅಶ್ವಗಂಧದ ಡಬ್ಬಿ ತರಿಸಿ ಶುರು ಮಾಡಿದಳು. ತಿಂಗಳು ಕಳೆಯುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗಿತು. ರೊಟ್ಟಿ ಬಡಿಯುವ ಕೈ ನಡುಗಿತು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನು ಮಿತಿ ದಾಟಿತ್ತು. “ಮತ್ತೇನರೆ ತಗೋತೀರೇನ್ರೀ ಅಮ್ಮಾರ?” ಎಂದು ಡಾಕ್ಟರು ಕೇಳಿದಾಗ, “ಇಲ್ಲರೀ, ಬರೇ ಗಿಡಮೂಲಿಕಿ” ಎಂದಳು. ಅವಳ ಲೆಕ್ಕದಲ್ಲಿ ಅದು ಮದ್ದೇ ಆಗಿರಲಿಲ್ಲ. ಅದನ್ನು ನಿಲ್ಲಿಸಿದ ಮೇಲೆ ಕೆಲವು ವಾರಗಳಲ್ಲಿ ಸರಿಹೋದಳು. ಥೈರಾಯ್ಡ್ ಕಡಿಮೆ ಇದ್ದವರಲ್ಲಿ ಅಶ್ವಗಂಧ ಅದನ್ನು ಏರಿಸುತ್ತದೆ ಎಂದು 2018ರಲ್ಲಿ 50 ಜನರ ಪರೀಕ್ಷೆಯೊಂದು ತೋರಿಸಿತ್ತು. ಒಬ್ಬರಿಗೆ ಗುಣವಾದದ್ದು, ಅದೇ ಕೆಲಸದ ಗುಳಿಗೆ ಆಗಲೇ ನುಂಗುತ್ತಿರುವ ಇನ್ನೊಬ್ಬರಿಗೆ ಅತಿಯಾಗುತ್ತದೆ.

ಗಿಡಮೂಲಿಕೆಗೆ ಅಡ್ಡ ಪರಿಣಾಮವಿಲ್ಲ ಎಂಬ ಮಾತನ್ನು ಬಿಡಬೇಕು. ಪರಿಣಾಮವಿದ್ದ ಕಡೆ ಅಡ್ಡ ಪರಿಣಾಮವೂ ಇರುತ್ತದೆ. ಬಸುರಿಯರು, ಎದೆಹಾಲು ಕೊಡುವವರು, ಯಕೃತ್ತಿನ ಕಾಯಿಲೆಯವರು ಇದನ್ನು ಮುಟ್ಟಬಾರದು. ಥೈರಾಯ್ಡ್, ಸಕ್ಕರೆ, ರಕ್ತದೊತ್ತಡ, ನಿದ್ದೆಯ ಗುಳಿಗೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಶುರು ಮಾಡಬಾರದು. ಮೈ ತುರಿಕೆ, ಕಣ್ಣು ಹಳದಿ ಕಂಡರೆ ಅಂದೇ ನಿಲ್ಲಿಸಬೇಕು. ಮೂರು ತಿಂಗಳಾಚೆ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲ. ಇನ್ನೊಂದು ಮುಖ್ಯ ಮಾತು, ಪುಡಿಯ ಅಳತೆಯೂ ಸಾರದ ಅಳತೆಯೂ ಒಂದಲ್ಲ. ಹಲವು ಗ್ರಾಂ ಬೇರಿನಿಂದ ಹಿಂಡಿದ ಸತ್ವ ಕೆಲವು ನೂರು ಮಿಲಿಗ್ರಾಂ ಗುಳಿಗೆಯಲ್ಲಿ ಕೂತಿರಬಹುದು. ಚಿಟಿಕೆಯ ಲೆಕ್ಕವನ್ನು ಗುಳಿಗೆಗೆ ಹಚ್ಚಬಾರದು.

ಮಡ್ಡಿ ಹೊಲದ ಬೆಳೆ

ಇದು ನಮ್ಮ ಸೀಮೆಯ ರೈತನಿಗೂ ಸಂಬಂಧಿಸಿದ ಕಥೆ. ದೇಶದ ಅಶ್ವಗಂಧದ ದೊಡ್ಡ ಬೀಡು ಮಧ್ಯಪ್ರದೇಶದ ನೀಮಚ್ ಮತ್ತು ಮಂದಸೌರ್. ರಾಜಸ್ಥಾನದ ನಾಗೌರಿನ ಬೇರಿಗೆ ‘ನಾಗೋರಿ’ ಎಂಬ ಹಳೆಯ ಹೆಸರಿದೆ. ನಮ್ಮ ನೆರೆಯ ಆಂಧ್ರದ ಕರ್ನೂಲು, ಅನಂತಪುರದ ಕಡೆಯೂ ಬೆಳೆಯುತ್ತಾರೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ವಿಜಯಪುರ ಜಿಲ್ಲೆಗೂ ಇದು ಹೊಂದುವ ಬೆಳೆ. ಆದರೆ ಎಲ್ಲ ಹೊಲಕ್ಕಲ್ಲ. ನೀರು ಹಿಡಿದಿಡುವ ಆಳದ ಎರಿ ಹೊಲದಲ್ಲಿ ಬೇರು ಕೊಳೆಯುತ್ತದೆ. ಅಂಥ ಮಣ್ಣಿನಿಂದ ಬೇರನ್ನು ಇಡಿಯಾಗಿ ತೆಗೆಯುವುದೂ ಕಷ್ಟ. ನೀರು ಬಸಿದು ಹೋಗುವ ಮಸಾರಿ, ಮರಳು ಬೆರೆತ ಮಡ್ಡಿ ನೆಲ ಇದಕ್ಕೆ ಒಳ್ಳೆಯದು.

ಮುಂಗಾರು ನೆಲ ಹಸಿ ಮಾಡಿದ ಮೇಲೆ ಜುಲೈ, ಆಗಸ್ಟಿನಲ್ಲಿ ಬಿತ್ತನೆ. ಚೆಲ್ಲಿ ಬಿತ್ತಿದರೆ ಹೆಕ್ಟೇರಿಗೆ 10ರಿಂದ 12 ಕಿಲೊ ಬೀಜ. 150ರಿಂದ 180 ದಿನಕ್ಕೆ ಎಲೆ ಒಣಗಿ ಹಣ್ಣು ಕೆಂಪಾದಾಗ ಕಟಾವು. ಒಣ ಬೇರು ಹೆಕ್ಟೇರಿಗೆ ನಾಲ್ಕೈದು ಕ್ವಿಂಟಲ್. ತೆಗೆದ ಬೇರನ್ನು ತೊಳೆದು, 7ರಿಂದ 10 ಸೆಂಟಿಮೀಟರ್ ತುಂಡು ಮಾಡಿ ಒಣಗಿಸಿ, ದಪ್ಪ ನೋಡಿ ದರ್ಜೆ ಮಾಡುತ್ತಾರೆ. ಬೆರಳು ದಪ್ಪದ, ಒಳಗೆ ಬಿಳುಪಾದ, ಟಕ್ಕನೆ ಮುರಿಯುವ ಬೇರು ಮೊದಲ ದರ್ಜೆ. ನೀಮಚ್‌ನ ವ್ಯಾಪಾರಿಯ ಪರೀಕ್ಷೆಯೂ ನಮ್ಮ ಮುತ್ಯಾ ಅರಿವೆಯ ಗಂಟು ಬಿಚ್ಚಿ ಮಾಡಿದ ಪರೀಕ್ಷೆಯೂ ಒಂದೇ.

ತಳಿಗಳೂ ಇವೆ. ಮಂದಸೌರಿನಿಂದ ಬಂದ ಜವಾಹರ್ ಅಸಗಂಧ–20 ಮತ್ತು 134, ಲಖನೌದ ಸೀಮ್ಯಾಪ್ ಸಂಸ್ಥೆಯ ಪೋಷಿತಾ ಮತ್ತು ನಿಮಿತ್ಲಿ–118, ಬೆಂಗಳೂರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅಶ್ವಗಂಧ. ಗೋಡೆಯ ಬುಡದ ಕಾಡು ಗಿಡದಲ್ಲಿ ಎಷ್ಟು ಸತ್ವವಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ತಳಿಯದ್ದಾದರೆ ಮೊದಲೇ ಅಳೆದಿರುತ್ತದೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಬೇಕಾದ ಕೊಂಡಿಗಳೆಲ್ಲ ಇವೆ. ವಿಜಯಪುರದ ಹಿಟ್ಟಿನಹಳ್ಳಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ, ನಗರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ, ಬೆಳಗಾವಿಯಲ್ಲಿ ಐ.ಸಿ.ಎಂ.ಆರ್.ನ ಪಾರಂಪರಿಕ ವೈದ್ಯ ಸಂಸ್ಥೆ. ಹೊಲ, ಪ್ರಯೋಗಾಲಯ, ಆಸ್ಪತ್ರೆ ಮೂರೂ ಕೈಗೆಟಕುವ ದೂರದಲ್ಲಿವೆ. ಇಂಗಳೇಶ್ವರದ ಮಸಾರಿಯಲ್ಲಿ ಬೆಳೆದ ಬೇರಿನಲ್ಲಿ ಯಾವ ವಿಥನೋಲೈಡ್ ಎಷ್ಟಿದೆ, ಜನವರಿಯಲ್ಲಿ ಕಿತ್ತರೆ ಎಷ್ಟು, ಮಾರ್ಚಿನಲ್ಲಿ ಕಿತ್ತರೆ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಸಿಗಬೇಕು. ಉತ್ತರದ ಚೀಟಿ ಕೈಯಲ್ಲಿದ್ದಾಗ ರೈತ ಮಾರುವುದು ಬರೀ ಬೇರನ್ನಲ್ಲ, ಅಳೆದು ಕೊಟ್ಟ ಮದ್ದನ್ನು. ಅದರ ಬೆಲೆಯನ್ನು ಅವನು ಕೇಳಬಹುದು. ಚೀಟಿ ಇಲ್ಲದಿದ್ದರೆ ದಲಾಲಿ ಹೇಳಿದ್ದೇ ದರ.

ಮೂರನೆಯ ಅರ್ಥ

ಅಳತೆಯ ಮಾತಾಯಿತು, ಸಾಕ್ಷ್ಯದ ಮಾತಾಯಿತು. ಆಣೆ ಉಳಿಯಿತು.

ಆ ದಿನ ಬೇರು ಕಿತ್ತ ಮೇಲೆ ನಾನು ಎದ್ದು ಹೊರಟಿದ್ದೆ. ಮುತ್ಯಾ ಏಳಲಿಲ್ಲ. ಕಿತ್ತ ಗಿಡದಿಂದ ಕೆಂಪಾದ ಬುಡ್ಡೆಗಳನ್ನಷ್ಟೇ ಆರಿಸಿ ಅಂಗೈಯಲ್ಲಿ ತಿಕ್ಕಿದರು. ಹಣ್ಣಿನ ತಿರುಳಿಗೆ ಅಂಟಿಕೊಂಡ ಚಪ್ಪಟೆ ಹಳದಿ ಬೀಜಗಳು. ಬೇರು ತೆಗೆದ ಕುಣಿಯ ಸಡಿಲ ಮಣ್ಣಿಗೆ ಅವನ್ನು ಉದುರಿಸಿ, ಕುರಪಿಯ ಬೆನ್ನಿನಿಂದ ಮೇಲೆ ತೆಳ್ಳಗೆ ಮಣ್ಣೆಳೆದರು.

“ಮಳಿ ಇಲ್ಲಲ್ರಿ ಮುತ್ಯಾ, ಈಗ ಹುಟ್ಟತಾವೇನು?”

“ಈಗ ಹುಟ್ಟೂದಿಲ್ಲ. ಮಿರಗಾ ಬಂದ ಮ್ಯಾಲ ಹುಟ್ಟತಾವ. ಬೇರ ತಗೊಂಡ ಜಾಗಾಕ್ಕ ಬೀಜಾ ಕೊಡ್ತೀನಿ ಅಂತ ನಮ್ಮಪ್ಪನ ಮುಂದ ಆಣಿ ಮಾಡೀನಿ ತಮ್ಮಾ. ಅವರಪ್ಪನ ಮುಂದ ಅವರೂ ಮಾಡಿದ್ರು.”

ಬೇರನ್ನೇ ಮದ್ದಾಗಿ ಬಳಸುವ ಗಿಡವನ್ನು ಕಿತ್ತರೆ ಆ ಗಿಡ ಅಲ್ಲಿಗೆ ಮುಗಿಯಿತು. ಎಲೆ ಕೊಯ್ದಂತಲ್ಲ, ಹಣ್ಣು ಬಿಡಿಸಿದಂತಲ್ಲ. ಹಾಗಾಗಿ ಬೇರಿನ ಮದ್ದಿಗೆ ಮಾತ್ರ ಇಂಥ ಆಣೆ ಬೇಕಾಗುತ್ತದೆ. ಮದ್ದು ಮಾರುವವರು ಎಲೆ ಬೆರೆಸುವುದಿಲ್ಲ ಎಂದು, ಪರೀಕ್ಷೆ ಮಾಡುವವರು ಸೋತ ಫಲಿತಾಂಶವನ್ನೂ ಬಚ್ಚಿಡುವುದಿಲ್ಲ ಎಂದು, ಬರೆಯುವ ನನ್ನಂಥವರು ಇದ್ದದ್ದಕ್ಕಿಂತ ಹೆಚ್ಚು ಹೇಳುವುದಿಲ್ಲ ಎಂದು ಹೀಗೆಯೇ ಯಾರ ಮುಂದಾದರೂ ಆಣೆ ಮಾಡಿದರೆ ಹಿರೇಮದ್ದು ತನ್ನ ಹೆಸರಿಗೆ ತಕ್ಕಂತೆ ಉಳಿದೀತು.

ಮಿರಗದ ಮಳೆ ಬಿದ್ದು ತಿಂಗಳಾದ ಮೇಲೆ ಮತ್ತೆ ಇಂಗಳೇಶ್ವರಕ್ಕೆ ಹೋದೆ. ಗೋಡೆಯ ಬುಡದಲ್ಲಿ, ಆ ಕುಣಿ ಇದ್ದ ಜಾಗದಲ್ಲಿ ಬೂದಿ ಬಣ್ಣದ ಎಳೆಯ ಎಲೆಗಳು ಎದ್ದಿದ್ದವು. ಎಣಿಸಿದೆ. ಏಳು ಸಸಿ.